ಹತ್ತಡಿ ಹತ್ತಡಿ

ಸಿಮ್ಮು ಮಾರುತ್ತಿದ್ದ ಟೆಂಟು ಇದು.
ದಾಸರಹಳ್ಳಿ ಮೆಟ್ರೋ ಕಂಬದ ಬುಡದಲ್ಲಿ ಎರಡು ವರ್ಷ ನಿಂತು
ಕೆಂಪು ಮಾಸಿ ಸೀಬೆಹಣ್ಣಿನ ಒಳಬಣ್ಣಕ್ಕೆ ತಿರುಗಿದ್ದು.
ಅಂಚಿನ ಜಾಲರಿಯಲ್ಲಿ 'ಅನಿಯಮಿತ' ಅಂತ ಉಳಿದಿದೆ,
ಏನು ಅನಿಯಮಿತ ಅನ್ನೋದು ಹರಿದುಹೋಗಿದೆ.
ಒಂಬೈನೂರು ಅಂದ, ಏಳುನೂರಕ್ಕೆ ಕೊಟ್ಟ.
ಒಂದು ಕಾಲು ಕುಂಟು ಅಂತ ಹೇಳಲಿಲ್ಲ.

ಟ್ರ್ಯಾಕ್ಟರು ಮೊದಲೇ ಬಂದಿತ್ತು,
ಪೀಣ್ಯದಲ್ಲಿ ಬಾಗಿಲು ಹಾಕಿದ ನಮ್ಮ ಕಾರ್ಖಾನೆಯ ಹರಾಜಿನಲ್ಲಿ,
ಕುರ್ಚಿ, ಫ್ಯಾನು, ಹಾಜರಿ ಗಡಿಯಾರಗಳ ಜೊತೆ
ತೂಕದ ಲೆಕ್ಕಕ್ಕೆ.
ಕರುವಿನ ಎತ್ತರ. ಎಂಟು ಕುದುರೆಯ ಶಕ್ತಿ,
ಎಂಟೂ ಮಲಗಿವೆ.
ಸಾಹೇಬರ ಹುಲ್ಲುಹಾಸು ಕತ್ತರಿಸುತ್ತಿದ್ದ ಅಲಗು
ತುಕ್ಕು ಹಿಡಿದು ಹೊಟ್ಟೆಗೆ ಅಂಟಿದೆ.
ಹದಿನಾರು ವರ್ಷ ಅಲ್ಲೇ ಮಾಲಿಯಾಗಿದ್ದೆ ನಾನು.
ಒಂದು ದಿನ ಹತ್ತಲು ಕೊಟ್ಟವರಿಲ್ಲ:
ಹೆಂಗಸರು ಕಳೆ ಕೀಳುವವರು, ಗಂಡಸರು ಓಡಿಸುವವರು.

ಮೂರನೇ ಮಹಡಿಯ ಬಾಡಿಗೆ ಮನೆಗೆ ಟ್ರ್ಯಾಕ್ಟರು ಹತ್ತುತ್ತದೆಯೇ?
ಬೀದಿ ಕೊನೆಯ ಖಾಲಿ ಸೈಟು,
'ಈ ಸ್ವತ್ತು ಮಾರಾಟಕ್ಕಿಲ್ಲ' ಅಂತ ಗೋಡೆಬರಹ.
ನಾವು ಕೊಳ್ಳಲು ಬಂದಿಲ್ಲ ಸ್ವಾಮಿ ಅಂತ ಗೋಡೆಗೇ ಹೇಳಿ
ಪಾರ್ಥೇನಿಯಂ ಕಿತ್ತು ಟೆಂಟು ಬಿಚ್ಚಿದೆವು.
ಕತ್ತರಿಗಾಲು ಲಟಕ್ ಅಂತ ಕೂತ ಸದ್ದು,
ಆಮೇಲೆ ನೆರಳು.

ಇನ್ನಾಸಪ್ಪ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಇದ್ದವ.
ಈಗ ಕೈ ನಡುಗುತ್ತದೆ,
ನಟ್ಟು ಹಿಡಿದಾಗ ಮಾತ್ರ ನಡುಗುವುದಿಲ್ಲ.
"ಮೊದಲು ಚಪ್ಪರ, ಆಮೇಲೆ ಮದುವೆ" ಅಂದು
ಕಾಲಿಗೊಂದರಂತೆ ಮರಳು ತುಂಬಿದ ಪೇಂಟು ಡಬ್ಬ ಕಟ್ಟಿಸಿದ.
ಅಡ್ಡಪಟ್ಟಿಯಲ್ಲಿ ಸ್ಪ್ಯಾನರು ತೂಗಿದವು, ಮಾವಿನೆಲೆ ತೂಗುವಲ್ಲಿ.
ಬಿಚ್ಚಿದ ಕಾರ್ಬುರೇಟರು ನನ್ನ ಇಡ್ಲಿ ತಟ್ಟೆಗೆ,
ಕುಳಿಗೊಂದು ಭಾಗ, ಬಿಚ್ಚಿದ ಕ್ರಮದಲ್ಲೇ:
ಫ್ಲೋಟು, ಜೆಟ್ಟು, ಸೂಜಿ, ಹೆಸರು ಅವನಿಗೂ ಗೊತ್ತಿಲ್ಲದ್ದೊಂದು.
ಆ ವಾರ ಮನೆಯಲ್ಲಿ ಉಪ್ಪಿಟ್ಟು.

ಯುಗಾದಿ ಕಳೆದು ಗಾಳಿ ಬಂತು,
ಮಳೆಗೆ ಮುಂಚಿನ, ಸಡಿಲ ತಗಡು ಹುಡುಕಿಕೊಂಡು ಬರುವ ಗಾಳಿ.
ಏನು ಅನಿಯಮಿತ ಅಂತ ಆಗ ಗೊತ್ತಾಯಿತು.
ಡಬ್ಬ ನಾಲ್ಕೂ ನೆಲ ಬಿಟ್ಟವು.
ನಾನೊಂದು ಕಾಲು, ಅವನೊಂದು ಕಾಲು,
ಇಸ್ತ್ರಿ ಗಾಡಿಯ ತಂಗವೇಲು ಕೆಂಡ ಬಿಟ್ಟು ಓಡಿಬಂದು ಮೂರನೆಯದು.
ನಾಲ್ಕನೆಯದಕ್ಕೆ ಯಾರೂ ಇಲ್ಲ.
ಅದೇ ಕುಂಟುಗಾಲು, ಮುರಿಯಿತು.
ಪರಂಗಿ ಗಿಡಕ್ಕೆ ಆನಿಸಿದ್ದ ಬಿದಿರು ಕಿತ್ತು ತಂದು ಕಟ್ಟಿದೆವು.

ಮೇ ತಿಂಗಳಲ್ಲಿ ತಂಗವೇಲುವಿನ ಅತ್ತೆ ತೀರಿಕೊಂಡಳು.
ಶಾಮಿಯಾನದವನು ಮುಂಗಡ ಕೇಳಿದನಂತೆ.
ಸ್ಪ್ಯಾನರು ಇಳಿಸಿ ಟೆಂಟು ಕೊಟ್ಟೆವು.
ಮೂರು ದಿನ ಟ್ರ್ಯಾಕ್ಟರು ಬಯಲಲ್ಲಿ,
ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಹೊದ್ದು
ಕೈಮುಗಿದು ನಗುತ್ತಾ ನೆನೆಯಿತು.
ಟೆಂಟು ಮರಳಿದಾಗ ಬಟ್ಟೆಯಲ್ಲಿ ಊದುಬತ್ತಿ ವಾಸನೆ,
ಮಡಿಕೆಯಲ್ಲಿ ಸೇವಂತಿಗೆಯ ಎಸಳು.
ಮಲಗಿದ್ದವಳ ಮೇಲೆ, ಅತ್ತವರ ಮೇಲೆ
ನಮ್ಮ ಗ್ರೀಸಿನ ಬೆರಳಚ್ಚು ಚುಕ್ಕಿ ಚುಕ್ಕಿಯಾಗಿ ಇದ್ದಿರಬೇಕು.
ಯಾರೂ ಏನೂ ಅನ್ನಲಿಲ್ಲ.

ಜೂನಿನ ಒಂದು ಭಾನುವಾರ
ಚರ್ಚಿನಿಂದ ಬಿಳಿ ಅಂಗಿಯಲ್ಲೇ ಬಂದ ಇನ್ನಾಸಪ್ಪ
ಹಗ್ಗ ಎಳೆದ. ಎಳೆದ. ನನ್ನ ಕೈಗೆ ಕೊಟ್ಟ.
ಕಳೆ ಕಿತ್ತ ತೋಳು, ಬೇರುಸಮೇತ ಬರುವ ಹಾಗೆ ಎಳೆದೆ.
ಕೆಮ್ಮಿತು. ಬೈಯಿತು. ಹಿಡಿದುಕೊಂಡಿತು!
ಚಪ್ಪರದ ತುಂಬ ಹೊಗೆ, ಒಬ್ಬರ ಮುಖ ಒಬ್ಬರಿಗಿಲ್ಲ.
"ಹತ್ತು, ಸಂಪಂಗಮ್ಮ" ಅಂತ ಹೊಗೆಯೊಳಗಿಂದ.

ಸೀರೆ ಎತ್ತಿ ಕಟ್ಟಿದೆ.
ಬಿದಿರುಗಾಲು ತಪ್ಪಿಸಿ ಬಿಸಿಲಿಗೆ ಬಂದೆ.
ಎರಡು ಸುತ್ತು. ಮೂರನೆಯದಕ್ಕೆ ನಿಂತುಬಿಟ್ಟಿತು, ಜೆಟ್ಟಿನಲ್ಲಿ ಕಸ.
ಅವನು ಅದನ್ನು ಊದುತ್ತಿದ್ದಷ್ಟು ಹೊತ್ತು
ನಾನೂ ತಂಗವೇಲುವೂ ಟೆಂಟು ಮಡಚಿದೆವು,
ಇಡೀ ಕಾರ್ಖಾನೆ ಒಂದು ತೋಳಿನಡಿ ಹಿಡಿಸಿತು.

ಅದು ನಿಂತಿದ್ದಲ್ಲಿ ನೆರಳಿನ ಅಳತೆಗೆ ಸರಿಯಾಗಿ
ಎಣ್ಣೆ ಕುಡಿದ ಕಪ್ಪು ಮಣ್ಣು,
ಸುತ್ತ ಮೊಣಕಾಲುದ್ದ ಹುಲ್ಲು.
ಉಳಿದದ್ದೆಲ್ಲ ಕೊಯ್ದೆ.
ಅಲ್ಲಿಗೆ ಬಂದಾಗ ಅಲಗು ಮೇಲೆತ್ತಿ
ನಿಧಾನಕ್ಕೆ ದಾಟಿದೆ.